ಕಣಕ್ಕೆ ಬೆಂಚು ಬಂದ ವರ್ಷ

ಡಿಸೆಂಬರ್ ಮೊದಲ ವಾರ, ಒಂದು ಮಂಗಳವಾರ, ನಮ್ಮ ಎಸ್ಟೇಟಿನ ಕಾಫಿ ಕಣಕ್ಕೆ ಎರಡು ಬೆಂಚು ಬಂದವು. ಸಿಲ್ವರ್ ಓಕ್ ಹಲಗೆ, ಕಬ್ಬಿಣದ ಕಾಲು. ಟ್ರ್ಯಾಕ್ಟರಿನಿಂದ ಇಳಿಸಿ ಹಲಸಿನ ಮರದ ನೆರಳಿಗೆ ಇಟ್ಟರು. ಮಾರನೆಯ ದಿನ ಬಿಸಿನೀರಿನ ಸ್ಟೀಲ್ ಡ್ರಮ್ಮು ಬಂತು. ಅದರ ಮಾರನೆಯ ದಿನ ಹೆಂಗಸರ ಕಕ್ಕಸಿಗೆ ಹೊಸ ಬಾಗಿಲು, ಒಳಗಿನಿಂದ ಹಾಕಿಕೊಳ್ಳುವ ಚಿಲಕದ ಸಮೇತ. ಆ ಮಂಗಳವಾರ ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗಿದೆ: ‘ಮಂಜು ಒಂಬತ್ತೂಕಾಲಿಗೆ ಹರಿಯಿತು. ಎರಡನೇ ಲಾಟು ಹರಡಿದ್ದು. ಬೆಂಚು ಎರಡು ಬಂದವು. ಯಾಕೋ ಗೊತ್ತಿಲ್ಲ.’

ನಾನು ಆ ಕಣ ನೋಡಿಕೊಳ್ಳುವವಳು. ಹೆತ್ತೂರಿನಿಂದ ಒಳಗೆ ಹೋದರೆ ಸಿಗುವ ಎಸ್ಟೇಟು ಅದು. ಕೊಯ್ದ ಹಣ್ಣು ಪಲ್ಪರ್ ಮನೆಯಲ್ಲಿ ಸಿಪ್ಪೆ ಬಿಟ್ಟು, ತೊಟ್ಟಿಯಲ್ಲಿ ಕೂತು, ತೊಳೆಸಿಕೊಂಡು ನನ್ನ ಹತ್ತಿರ ಬರುತ್ತದೆ. ಒಂದು ದಿನ ಬಂದ ಬೀಜ ಒಂದು ಲಾಟು. ಪ್ರತಿ ಲಾಟಿಗೂ ಒಂದು ನಂಬರು. ಮಂಜು ಹರಿದ ಮೇಲೆ ಸಿಮೆಂಟಿನ ಮೇಲೆ ಹರಡಬೇಕು, ಗಂಟೆಗೊಮ್ಮೆ ಉದ್ದ ಹಿಡಿಯ ಹಲಗೆ ಎಳೆದು ಮಗುಚಬೇಕು, ಸಂಜೆ ಇಬ್ಬನಿ ಇಳಿಯುವ ಮುಂಚೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಹೀಗೆ ಎಂಟು ಹತ್ತು ದಿನ. ಒಂದು ಅಳತೆ ಡಬ್ಬ ಇದೆ. ಅದರ ತುಂಬ ಬೀಜ ತುಂಬಿ ತೂಗಿದರೆ ಎರಡು ದಿನ ಒಂದೇ ಸಮ ತೂಕ ತೋರಿಸಬೇಕು, ಆಗ ಆ ಲಾಟು ಒಣಗಿತು ಅಂತ. ಡಬ್ಬಕ್ಕಿಂತ ಮುಂಚೆ ನನ್ನ ಹಲ್ಲಿಗೆ ಗೊತ್ತಾಗುತ್ತದೆ. ಒಣಗಿದ ಬೀಜ ಕಚ್ಚಿದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ಸುಮ್ಮನೆ ತಗ್ಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಎರಡೂ ಮಂಡಿ ಹೋಗಿವೆ. ಎಸ್ಟೇಟಿನಲ್ಲಿ ಸಮತಟ್ಟಾದ ಜಾಗ ಅಂತ ಇರುವುದು ಆ ಕಣ ಒಂದೇ, ಮಿಕ್ಕಿದ್ದೆಲ್ಲ ಇಳಿಜಾರು. ಕಣದಿಂದ ತೆಗೆದು ಕಳೆ ಕೀಳಲು ಕೆಳಗಿನ ಹಳ್ಳದ ಬ್ಲಾಕಿಗೆ ಹಾಕಿದರೆ ನಾನು ಇಳಿದೇನು, ಹತ್ತಿ ಬರಲಾರೆ. ಅಂದರೆ ಕಣ ಹೋದರೆ ಕೆಲಸವೇ ಹೋದಂತೆ.

ಬೆಂಚು ಬಂದ ದಿನ ನನ್ನ ಜೊತೆಗಾತಿ ಅದರ ಸುತ್ತ ಒಂದು ಸುತ್ತು ಬಂದಳು. ಕಣದಲ್ಲಿ ನನ್ನ ಜೊತೆ ಹಲಗೆ ಎಳೆಯುವವಳು ಅವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಬಾಯಿ ಮಾತ್ರ ನನ್ನ ಎರಡರಷ್ಟು.

“ಅಕ್ಕ, ಕೂರಕ್ಕೆ ಜಾಗ ಕೊಡೋದು ಎದ್ದೋಗು ಅನ್ನಕ್ಕೇ ಕಣಕ್ಕ,” ಅಂದಳು.

“ಸುಮ್ನಿರೆ, ಯಾರಾದ್ರೂ ಕೇಳಿಸ್ಕೊಂಡಾರು.”

“ಕೇಳ್ಸ್ಕೊಳ್ಲಿ. ಕಂಬಳಿ ಮರ್ತೋಯ್ತಾ ನಿಂಗೆ?”

ಮರೆತಿರಲಿಲ್ಲ. ಹಿಂದಿನ ಮ್ಯಾನೇಜರ್ ಒಂದು ವರ್ಷ ಸೀಸನ್ ಶುರುವಿಗೆ ಕೂಲಿ ಲೈನಿನ ಮನೆಗಳ ಎಲ್ಲರಿಗೂ ಒಂದೊಂದು ಕಂಬಳಿ ಕೊಟ್ಟಿದ್ದರು. ಒಳ್ಳೇ ದಪ್ಪ ಕಂಬಳಿ. ಒಬ್ಬೊಬ್ಬರ ಹೆಸರು ಕರೆದು, ಕೈಯಾರೆ ಕೊಟ್ಟು, ಫೋಟೋ ಹಿಡಿಸಿದರು. ಮುಂದಿನ ವಾರ ಹತ್ತು ಜನ ಬೇಡ ಅಂತ ಬೆಳಗಿನ ಹಾಜರಿ ಕೂಗುವ ಮಸ್ಟರಿನಲ್ಲಿ ಓದಿಸಿದರು. ಅದರಲ್ಲಿ ನಾಲ್ಕು ಜನ ಕಣದವರು. ಹೋಗುವಾಗ ಅವರ ಕಂಕುಳಲ್ಲಿ ಆ ಕಂಬಳಿಯೇ ಇತ್ತು. ಅಂದಿನಿಂದ ನಮ್ಮ ಲೈನಿನಲ್ಲಿ ಮೇಲಿನವರು ಏನಾದರೂ ಕೊಟ್ಟರೆ ಜನ ಮೊದಲು ತಿರುವಿ ನೋಡುತ್ತಾರೆ.

ಈ ಹೊಸ ಮ್ಯಾನೇಜರ್, ಕೆ. ಹೊಸಕೋಟೆ ಅನ್ನುವ ಊರಿನ ಕಡೆಯವರು. ಮೂವತ್ತೈದು ದಾಟಿರಲಿಕ್ಕಿಲ್ಲ. ಜೂನಿನಲ್ಲಿ ಬಂದಿದ್ದರು. ಬಂದವರೇ ಎಲ್ಲರನ್ನೂ ಅಕ್ಕ, ಅಣ್ಣ ಅಂತ ಬಹುವಚನದಲ್ಲಿ ಮಾತಾಡಿಸಿದರು. “ಏನಾದ್ರೂ ತೊಂದ್ರೆ ಇದ್ರೆ ಹೇಳ್ರಿ ಅಕ್ಕ” ಎನ್ನುವುದು ಅವರ ಮಾತು. ಹೇಳಿ ಆದ ಮೇಲೆ ಜೇಬಿನಿಂದ ಕಪ್ಪು ಬೈಂಡಿನ ಚಿಕ್ಕ ಪುಸ್ತಕ ತೆಗೆದು ಏನೋ ಗೀಚಿಕೊಳ್ಳುತ್ತಿದ್ದರು. ಆ ಪುಸ್ತಕ ನನಗೆ ಹಿಡಿಸಲಿಲ್ಲ. ನಾನೇ ಪುಸ್ತಕ ಇಟ್ಟುಕೊಂಡವಳಾದ್ದರಿಂದ ಪುಸ್ತಕ ಇಟ್ಟುಕೊಂಡವರ ಮೇಲೆ ನನಗೆ ನಂಬಿಕೆ ಕಡಿಮೆ.

ಬೆಂಚಿನ ಮೇಲೆ ನಾನು ಕೂರಲಿಲ್ಲ. ಹಳೇ ಗೋಣಿಚೀಲದ ಮೇಲೆ, ಗೋಡೆಗೆ ಒರಗಿ, ಹಿಂದಿನಂತೆಯೇ ಊಟ ಮಾಡಿದೆ.

ಆ ತಿಂಗಳ ಕೊನೆಯಲ್ಲಿ, ನಮ್ಮ ಕಾಫಿಯ ಹೊಟ್ಟು ತೆಗೆದು ದರ್ಜೆ ಮಾಡುವ ಕ್ಯೂರಿಂಗ್‌ನವರಿಂದ ತಕರಾರು ಬಂತು. ನಾವು ಒಣಗಿಸಿ ಕಳಿಸಿದ ಮೊದಲ ಲೋಡಿನ ಕಾಫಿಯಲ್ಲಿ ಮುಗ್ಗಲು ವಾಸನೆ ಇದೆಯಂತೆ. ಇಂಥ ಚೀಲ ಅಂತಿಲ್ಲ, ಅಲ್ಲೊಂದು ಇಲ್ಲೊಂದು ಬೀಜ, ಆದರೆ ಎಲ್ಲಾ ಚೀಲದಲ್ಲೂ. ಹೋದ ಸಲವೂ ಹೀಗೇ ಇತ್ತು, ಇನ್ನೊಂದು ಲೋಡು ಹೀಗೆ ಬಂದರೆ ತೆಗೆದುಕೊಳ್ಳುವುದಿಲ್ಲ ಎಂದರಂತೆ.

ಮ್ಯಾನೇಜರ್ ಹುಡುಕಲು ಶುರು ಮಾಡಿದರು. ಹುಡುಕಿದ ಕ್ರಮ ನೋಡಿದರೆ ಯಾರಾದರೂ ಮೆಚ್ಚಬೇಕು. ಮೊದಲು ಗೋಣಿಚೀಲಗಳನ್ನು ಮೂಸಿದರು. ಹಳೆಯವೆಲ್ಲ ತೆಗೆಸಿ ಹೊಸ ಚೀಲ ತರಿಸಿದರು. ಆಮೇಲೆ ಸ್ಟೋರಿನ ನೆಲದ ಮೇಲೆ ಮರದ ಹಲಗೆ ಹಾಸಿಸಿ, ಗೋಡೆಯಿಂದ ಒಂದು ಮೊಳ ದೂರ ಚೀಲ ಜೋಡಿಸಿದರು. ಹೆಂಚು ತಿರುವಿಸಿದರು. ತೊಟ್ಟಿ ಉಜ್ಜಿಸಿದರು. ಅಳತೆ ಡಬ್ಬ ಸರಿಯಿದೆಯೋ ಇಲ್ಲವೋ ಅಂತ ತಕ್ಕಡಿ ಸಮೇತ ಪರೀಕ್ಷೆ ಮಾಡಿಸಿದರು. ಎಲ್ಲ ಮುಗಿದ ಮೇಲೆ ಕಣಕ್ಕೆ ಬಂದು, ಅವರೇ ತರಿಸಿದ ಬೆಂಚಿನ ಮೇಲೆ ಕೂತು, ನಮ್ಮಿಬ್ಬರನ್ನೂ ಕೇಳಿದರು.

“ಅಕ್ಕ, ಡಬ್ಬದ ತೂಕ ಸರಿಯಾಗೇ ಐತೆ. ಆದ್ರೂ ಒಳಗೆ ಒಂದೊಂದು ಬೀಜ ಹಸಿ ಉಳಿದಂಗೆ ಕಾಣ್ತೈತೆ. ಇದು ಹೆಂಗಾಗ್ತೈತೆ?”

ಜೊತೆಗಾತಿ ಆಕಾಶ ನೋಡಿದಳು. ನಾನು ಹಲಗೆ ನೋಡಿದೆ.

“ಗೊತ್ತಿಲ್ಲ ಸಾರ್,” ಅಂದೆ.

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ನಮ್ಮ ಕಣದಲ್ಲಿ ಬೆರೆಸುವುದು ಅಂತ ಒಂದು ಪದ್ಧತಿ. ಒಣಗುತ್ತಿರುವ ಲಾಟು ಮಳೆಗೋ ಇಬ್ಬನಿಗೋ ಸಿಕ್ಕಿ ನೆಂದರೆ ಅದನ್ನು ಹಾಗೇ ಬಿಡುವುದಿಲ್ಲ. ಬುಟ್ಟಿ ಬುಟ್ಟಿಯಾಗಿ ತೆಗೆದು ಒಣಗಿದ ಲಾಟುಗಳ ಮೇಲೆ ತೆಳ್ಳಗೆ ಎರಚಿ, ಹಲಗೆ ಎಳೆದುಬಿಡುವುದು. ಎರಡನೇ ಸಂಜೆಯ ಹೊತ್ತಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಡಬ್ಬದಲ್ಲಿ ತೂಗಿದರೂ ಒಟ್ಟು ತೂಕ ಸರಿಯಾಗಿಯೇ ಬರುತ್ತದೆ. ನೆಂದ ಬೀಜ ಮಾತ್ರ ಹೊಟ್ಟೆಯಲ್ಲಿ ಹಸಿ ಇಟ್ಟುಕೊಂಡೇ ಚೀಲ ಸೇರುತ್ತದೆ. ನಾನು ಕಣಕ್ಕೆ ಬರುವ ಮುಂಚೆ ಅಲ್ಲಿದ್ದ ಹೆಂಗಸು ಒಂದು ಸಲ ಲಾಟು ನೆನೆಸಿಬಿಟ್ಟೆ ಅಂತ ಬಾಯಿಬಿಟ್ಟು ಹೇಳಿದ್ದಳು. ಹಿಂದಿನ ಮ್ಯಾನೇಜರ್ ಮಾರನೇ ದಿನವೇ ಅವಳನ್ನು ಹಳ್ಳದ ಬ್ಲಾಕಿಗೆ ಹಾಕಿದರು. ಅವಳು ಎರಡು ವಾರ ಇದ್ದು ಊರು ಬಿಟ್ಟಳು. ಕೆಲಸ ಕಲಿಸಿದವರು ನನಗೆ ಮಗುಚುವುದಕ್ಕಿಂತ ಮೊದಲು ಬೆರೆಸುವುದನ್ನು ಕಲಿಸಿದರು.

ಹತ್ತೊಂಬತ್ತು ವರ್ಷ ಬೆರೆಸಿದ್ದೇನೆ. ಆದರೆ ಪ್ರತಿ ಸಲವೂ ನನ್ನ ಪುಸ್ತಕದಲ್ಲಿ ಆ ಲಾಟಿನ ನಂಬರಿನ ಸುತ್ತ ಒಂದು ಸೊನ್ನೆ ಸುತ್ತಿದ್ದೇನೆ. ಯಾರಿಗೂ ಹೇಳದಿದ್ದರೂ ನನಗೆ ನಾನು ಸುಳ್ಳು ಬರೆದುಕೊಳ್ಳಬಾರದು ಅಂತ ಇರಬೇಕು.

ಮ್ಯಾನೇಜರ್ ಎದ್ದು ಹೋದ ಮೇಲೆ ಜೊತೆಗಾತಿ ಅಂದಳು: “ನೋಡ್ದಾ? ಬೆಂಚು ಹಾಕ್ಸಿದ್ದು ಇದಕ್ಕೇ. ಬಾಯಿ ಬಿಡ್ಸಕ್ಕೆ.”

“ತಕರಾರು ಬಂದಿದ್ದು ಮೊನ್ನೆ. ಬೆಂಚು ಬಂದಿದ್ದು ಅದಕ್ಕೂ ಮುಂಚೆ ಅಲ್ವೇನೆ?”

“ಹೋದ ಸಲನೂ ತಕರಾರು ಇತ್ತು ಅಂದ್ರಲ್ಲ. ಅವರಿಗೆ ಜೂನಲ್ಲೇ ಗೊತ್ತಿತ್ತು ಕಣಕ್ಕ. ಮಳ್ಳರ ಹಂಗೆ ಕಾಣ್ತಾರೆ ಅಷ್ಟೆ.”

ಇದು ನನಗೆ ಹೊಳೆದಿರಲಿಲ್ಲ. ಆ ವಾರವೆಲ್ಲ ಇದೇ ಯೋಚನೆ. ಕೊನೆಗೆ ನನಗೆ ಗೊತ್ತಿರುವ ದಾರಿಯಲ್ಲೇ ಹೋದೆ: ಪರೀಕ್ಷೆ ಮಾಡಿ ನೋಡುವುದು. ಬೀಜವನ್ನು ಕಚ್ಚಿ ನೋಡುವ ಹಾಗೆ ಮನುಷ್ಯನನ್ನೂ ನೋಡಬಹುದು. ಪುಸ್ತಕದ ಹಿಂದಿನ ಪುಟದಲ್ಲಿ ಮಧ್ಯಕ್ಕೆ ಗೆರೆ ಎಳೆದು, ಎಡಗಡೆ ‘ಹೇಳಿದ್ದು’, ಬಲಗಡೆ ‘ಆಮೇಲೆ ಆದದ್ದು’ ಅಂತ ಬರೆದೆ. ಚಿಕ್ಕ ಚಿಕ್ಕ ತಪ್ಪು ಒಂದೊಂದಾಗಿ ಒಪ್ಪಿಕೊಳ್ಳುವುದು, ಪ್ರತಿಯೊಂದಕ್ಕೂ ಎಂಟು ದಿನ ಕಾಯುವುದು.

ಮೊದಲನೆಯದು ಟಾರ್ಪಾಲು. “ಸಾರ್, ಟಾರ್ಪಾಲು ಎಳೆಯುವಾಗ ನನ್ನ ಕೈಯಲ್ಲೇ ಹರಿದೋಯ್ತು,” ಅಂದೆ. ಅದು ನಿಜವೇ. ಕಣದ ಮೂಲೆಯಲ್ಲಿ ಎದ್ದಿದ್ದ ಕಲ್ಲಿಗೆ ಸಿಕ್ಕಿ ಒಂದು ಗೇಣು ಸೀಳಿತ್ತು. ಅವರು ಹರಿದದ್ದನ್ನು ನೋಡಲಿಲ್ಲ. “ಕಲ್ಲು ಎಲ್ಲೈತೆ ತೋರ್ಸಿ” ಅಂದರು. ಪುಸ್ತಕ ತೆಗೆದು ಗೀಚಿಕೊಂಡರು. ಮೂರನೇ ದಿನ ಒಬ್ಬ ಉಳಿ ಸುತ್ತಿಗೆ ತಂದು ಆ ಕಲ್ಲು ಒಡೆದು ಸಿಮೆಂಟು ಮೆತ್ತಿ ಹೋದ. ಐದನೇ ದಿನ ಹೊಸ ಟಾರ್ಪಾಲು ಬಂತು. ಎಂಟನೇ ದಿನದವರೆಗೆ ಬೇರೆ ಏನೂ ಆಗಲಿಲ್ಲ.

ಎರಡನೆಯದು ಸ್ವಲ್ಪ ದೊಡ್ಡದು. “ಸಾರ್, ದಿನಕ್ಕೆ ಆರು ಸಲ ಮಗುಚಬೇಕು, ನಾವು ನಾಕೇ ಸಲ ಮಗುಚ್ತಾ ಇದೀವಿ. ಮಧ್ಯಾಹ್ನ ಸಿಮೆಂಟು ಕಾದು ಕಾಲಿಡಕ್ಕಾಗಲ್ಲ.”

ಅವರು ಚಪ್ಪಲಿ ಬಿಟ್ಟು ತಾವೇ ಕಣದ ಮೇಲೆ ನಾಲ್ಕು ಹೆಜ್ಜೆ ಹಾಕಿದರು. ನಾಲ್ಕನೆಯದಕ್ಕೆ ಕುಣಿಯುವಂತಾಯಿತು. ಜೊತೆಗಾತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ನಗ್ರಿ ಅಕ್ಕ, ನಗ್ರಿ. ನಮ್ಮನೇಲೂ ಕಣ ಐತೆ, ಸಗಣಿ ಬಳಿದಿದ್ದು. ಅದು ಇಷ್ಟು ಸುಡಲ್ಲ.”

ಮುಂದಿನ ವಾರ ಇಬ್ಬರಿಗೂ ದಪ್ಪ ತಳದ ರಬ್ಬರ್ ಬೂಟು ಬಂತು. ನನ್ನದು ಒಂದು ಅಳತೆ ದೊಡ್ಡದು. ಬಲಗಡೆ ಅದನ್ನೂ ಬರೆದೆ.

“ಎಲ್ಲಾ ಬರ್ಕೊಂತಾ ಅವ್ರೆ ಕಣಕ್ಕ,” ಅಂದಳು ಜೊತೆಗಾತಿ ಬೂಟು ಹಾಕಿಕೊಳ್ಳುತ್ತಲೇ. “ಒಂದೊಂದಕ್ಕೆ ಬೈದ್ರೆ ಎಂಟಾಣೆ ಬೈಗಳ. ಸೀಸನ್ ಕೊನೇಲಿ ಒಟ್ಟಿಗೆ ತೆಗೆದ್ರೆ ನಾವಿಬ್ರೂ ಹಳ್ಳಕ್ಕೆ.”

ಆದರೂ ಒಂದು ಬದಲಾವಣೆ ನಾನೇ ಗಮನಿಸಿದೆ. ನಂಬಿಕೆ ಬಂದಿರಲಿಲ್ಲ, ಆದರೆ ದಿನಕ್ಕೆ ಆರು ಸಲ ಮಗುಚುತ್ತಿದ್ದೆವು. ಒಂದು ದಿನ ಏಳು ಸಲ.

ಜನವರಿ ಕೊನೆಯಲ್ಲಿ ಆ ಮಳೆ ಬಂತು.

ನಮ್ಮ ಸೀಮೆಯಲ್ಲಿ ಮಳೆ ಅಂದರೆ ಪಡುವಣ ಘಟ್ಟದಿಂದ ಬರಬೇಕು. ಹತ್ತೊಂಬತ್ತು ವರ್ಷವೂ ನಾನು ಆ ಕಡೆಯ ಗುಡ್ಡದ ನೆತ್ತಿ ನೋಡಿಯೇ ಟಾರ್ಪಾಲು ಎಳೆದವಳು. ನೆತ್ತಿ ಕಂಡರೆ ಒಂದು ಗಂಟೆ ಟೈಮು ಇದೆ, ಮುಚ್ಚಿಹೋದರೆ ಓಡಬೇಕು. ಅಂದು ನೆತ್ತಿ ಗಾಜಿನಂತೆ ಕಾಣುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ತಣ್ಣಗಾಯಿತು. ಜೊತೆಗಾತಿ “ಎಲ್ಲಾ ಮುಚ್ಚಾಣ ಕಣಕ್ಕ” ಅಂದಳು. ಒಣಗಿ ಚೀಲಕ್ಕೆ ಕಾಯುತ್ತಿದ್ದ ಒಂಬತ್ತು, ಹತ್ತು, ಹನ್ನೊಂದನೇ ಲಾಟು ಮುಚ್ಚಿದೆವು. ಹನ್ನೆರಡನೆಯದು ಹಿಂದಿನ ದಿನ ಡಬ್ಬದಲ್ಲಿ ತೂಗಿ ಆಗಿತ್ತು. ಇನ್ನೊಂದು ಗಂಟೆ ಬಿಸಿಲು ಸಿಕ್ಕಿದರೆ ಅದೇ ತೂಕ ಮತ್ತೆ ಬರುತ್ತಿತ್ತು, ನಾಳೆ ಚೀಲಕ್ಕೆ ಹೋಗುತ್ತಿತ್ತು. “ಇದಿರ್ಲಿ, ಗುಡ್ಡ ಕಾಣ್ತಾ ಐತಲ್ಲ,” ಅಂದೆ ನಾನು.

ಮಳೆ ಆಲೂರು ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ ಬಂತು. ಕಾಲು ಗಂಟೆಯೂ ಸುರಿಯಲಿಲ್ಲ. ಟಾರ್ಪಾಲಿನ ಒಂದು ತುದಿ ನಾನು, ಒಂದು ತುದಿ ಅವಳು ಹಿಡಿದು ಓಡುವಷ್ಟರಲ್ಲಿ ಹನ್ನೆರಡನೇ ಲಾಟು ಸಿಮೆಂಟಿನ ಮೇಲೆ ತೇಲುತ್ತಿತ್ತು. ಒಣಗಲು ಒಂದು ಗಂಟೆ ಬಾಕಿ ಇದ್ದ ಕಾಫಿ. ಹಸಿ ಕಾಫಿ ನೆಂದರೆ ಚಿಂತೆಯಿಲ್ಲ. ಒಣಗಿದ್ದು ನೆಂದರೆ ಅದು ಹಿಂದಿನ ಹಾಗೆ ಆಗುವುದಿಲ್ಲ.

ಮಳೆ ನಿಂತ ಕೂಡಲೇ ಜೊತೆಗಾತಿ ಬುಟ್ಟಿ ತಂದಳು. ಹೇಳಿಸಿಕೊಳ್ಳುವುದೇ ಬೇಕಿರಲಿಲ್ಲ. ಅವಳು ಒಂಬತ್ತನೇ ಗುಡ್ಡೆಯ ಟಾರ್ಪಾಲು ಸರಿಸಿಯೂ ಬಿಟ್ಟಿದ್ದಳು.

“ಹಿಡ್ಕೊ ಅಕ್ಕ. ಅವ್ರು ಪಲ್ಪರ್ ಮನೇಲಿ ಅವ್ರೆ. ಅರ್ಧ ಗಂಟೇಲಿ ಮುಗಿಸ್ಬುಡಾಣ.”

ನಾನು ಬುಟ್ಟಿ ಹಿಡಿದುಕೊಂಡೆ. ತುಂಬಿಯೂ ತುಂಬಿದೆ. ಅಲ್ಲಿಯವರೆಗೆ ಕೈ ತನ್ನಷ್ಟಕ್ಕೆ ಹೋಯಿತು. ಒಂಬತ್ತನೇ ಗುಡ್ಡೆಯ ಹತ್ತಿರ ಹೋಗಿ ಎರಚಬೇಕು, ಕೈ ಏಳಲಿಲ್ಲ. ಆ ಒಂಬತ್ತನ್ನು ದಿನಕ್ಕೆ ಆರು ಸಲ ಮಗುಚಿದ್ದೆವು. ಬೂಟು ಹಾಕಿಕೊಂಡು, ಬಿರುಬಿಸಿಲಲ್ಲಿ. ಬೆಳಿಗ್ಗೆ ತಾನೇ ಕಚ್ಚಿ ನೋಡಿದ್ದೆ. ನನ್ನ ಕೈಯಲ್ಲಿ ಅಷ್ಟು ಸಮನಾಗಿ ಒಣಗಿದ ಲಾಟು ಇನ್ನೊಂದಿಲ್ಲ.

“ಬೇಡ,” ಅಂದೆ.

“ಏನ್ ಬೇಡ?”

“ಬೆರೆಸೋದು ಬೇಡ. ಬೇರೆ ಇಡಾಣ. ಹೇಳಾಣ.”

ಅವಳು ನನ್ನನ್ನೇ ನೋಡಿದಳು. “ಮಂಡಿ ಸರಿ ಹೋಯ್ತಾ ನಿಂದು? ಹಳ್ಳ ಹತ್ತಿ ಬರ್ತೀಯಾ?”

“ಇಲ್ಲ.”

“ಮತ್ತೆ?”

ಹನ್ನೆರಡನ್ನು ಕಣದ ಮೂಲೆಗೆ ತಳ್ಳಿ ಬೇರೆಯಾಗಿ ಹರಡಿದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘12, ನೆಂದಿದೆ’ ಅಂತ ಬರೆದೆ. ಮ್ಯಾನೇಜರ್ ಮೇಲೆ ಬಂದಾಗ ಆ ಗೋಡೆ ತೋರಿಸಿದೆ.

“ನಂದೇ ತಪ್ಪು ಸಾರ್. ಇವಳು ಮುಚ್ಚಾಣ ಅಂದ್ಲು. ನಾನೇ ಬೇಡ ಅಂದೆ.”

ಅವರು ಗೋಡೆ ನೋಡಿದರು. ಲಾಟು ಮುಟ್ಟಿ ನೋಡಿದರು. ಬೈಯಲಿಲ್ಲ. ಆದರೆ ಬೈಗುಳಕ್ಕಿಂತ ಕಷ್ಟದ ಒಂದು ಪ್ರಶ್ನೆ ಕೇಳಿದರು.

“ಇಂಥದ್ದು ಹಿಂದೆ ಆದಾಗ ಏನ್ ಮಾಡ್ತಿದ್ರಿ ಅಕ್ಕ?”

ಜೊತೆಗಾತಿ ನನ್ನ ಸೆರಗು ಎಳೆದಳು. ಅರ್ಧ ಹೇಳಿ ಅರ್ಧ ಬಿಡುವುದು ಆ ಹೊತ್ತಿನಲ್ಲಿ ನನಗೆ ಆಗಲಿಲ್ಲ. ಬೆರೆಸುವುದನ್ನು ಪೂರ್ತಿ ಹೇಳಿದೆ: ಬುಟ್ಟಿ, ಎರಚುವುದು, ಡಬ್ಬ ಯಾಕೆ ಸರಿ ತೋರಿಸುತ್ತದೆ ಎಲ್ಲ. ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಕಪ್ಪು ಪುಸ್ತಕ ತೆಗೆಯಲಿಲ್ಲ. ಆ ದಿನ ನನ್ನ ಬಲಗಡೆ ಸಾಲಿನಲ್ಲಿ ಬರೆದದ್ದು ಅದೊಂದೇ: ‘ಬರೆದುಕೊಳ್ಳಲಿಲ್ಲ. ಯಾಕೆ?’

ಮಾರನೆಯ ದಿನ ಒಂದು ಕಪ್ಪು ಹಲಗೆ ತಂದು ಹಲಸಿನ ಮರಕ್ಕೆ ಹೊಡೆಸಿದರು. ನೆಂದ ಲಾಟು ಯಾವುದೇ ಇರಲಿ, ಯಾರದೇ ತಪ್ಪಿರಲಿ, ನಂಬರು ಅಲ್ಲಿ ಬರೆಯಬೇಕು, ಬೇರೆ ಒಣಗಿಸಬೇಕು, ಕೆಂಪು ದಾರ ಕಟ್ಟಿದ ಚೀಲಕ್ಕೆ ತುಂಬಬೇಕು. ಬರೆದವರನ್ನು ಕಣದಿಂದ ತೆಗೆಯುವುದಿಲ್ಲ ಅಂತ ಮಸ್ಟರಿನಲ್ಲೇ ಹೇಳಿದರು. ಜನ ಕೇಳಿಸಿಕೊಂಡರು, ನಂಬಲಿಲ್ಲ. ಒಂದು ವಾರ ಹಲಗೆಯ ಮೇಲೆ ನನ್ನ ಹನ್ನೆರಡು ಒಂದೇ ಇತ್ತು. ಅದನ್ನು ದಿನಾ ನೋಡುವುದು ನನಗೂ ಹಿಂಸೆ. ನಾನು ಮಾತ್ರ ಹಳ್ಳಕ್ಕೆ ಹೋಗದೆ ಕಣದಲ್ಲೇ ಇದ್ದೇನೆ ಅಂತ ಕಂಡ ಮೇಲೆ ಪಲ್ಪರ್ ಮನೆಯವನು ಬಂದು, ತೊಟ್ಟಿಯಲ್ಲಿ ಒಂದು ದಿನ ಜಾಸ್ತಿ ಬಿಟ್ಟ ಲಾಟಿನ ನಂಬರು ಬರೆದ. ಆಮೇಲೆ ಜೊತೆಗಾತಿ ಒಂದು ಬರೆದಳು. ಸೀಮೆಸುಣ್ಣ ಒತ್ತಿ ಒತ್ತಿ, ಅಕ್ಷರವೆಲ್ಲ ಬಾಗಿ. “ಬರ್ದೆ ಕಣಕ್ಕ. ಹಳ್ಳಕ್ಕೆ ಹೋಗೋದಾದ್ರೆ ಇಬ್ರೂ ಹೋಗಾಣ,” ಅಂದಳು.

ಫೆಬ್ರವರಿಯಲ್ಲಿ ಕ್ಯೂರಿಂಗ್‌ನವರಿಂದ ಫೋನು ಬಂತು. ಹೊಸ ಲೋಡಿನಲ್ಲಿ ವಾಸನೆ ಇಲ್ಲ. ಮ್ಯಾನೇಜರ್ ಬಂದು ಹೇಳಿದರು, ನಾವು ಕೇಳಿಸಿಕೊಂಡೆವು, ಮತ್ತೆ ಹಲಗೆ ಎಳೆದೆವು. ಆ ಹೊತ್ತಿಗೆ ಕಪ್ಪು ಹಲಗೆಯ ಮೇಲೆ ಒಂಬತ್ತು ನಂಬರು ಆಗಿದ್ದವು.

ಅದೇ ವಾರ ಯಜಮಾನರು ಬಂದರು. ಎಸ್ಟೇಟಿನ ಒಡೆಯರು, ಸೀಸನ್ನಿಗೆ ಎರಡು ಸಲ ಬರುತ್ತಾರೆ. ಜೀಪು ಇಳಿದವರೇ ನೇರ ಹಲಸಿನ ಮರದ ಹತ್ತಿರ ನಿಂತರು. ಬೆಂಚು ನೋಡಿದರು, ಡ್ರಮ್ಮು ನೋಡಿದರು, ನಮ್ಮ ಬೂಟು ನೋಡಿದರು. ಕಪ್ಪು ಹಲಗೆಯನ್ನು ಬೆರಳಿಟ್ಟು ಎಣಿಸಿದರು.

“ಏನಪ್ಪ ಇದು? ಒಂಬತ್ತು ಲಾಟು ಹಾಳು? ಹಿಂದಿನವರ ಕಾಲದಲ್ಲಿ ಒಂದು ವರ್ಷನೂ ಒಂದು ಲಾಟು ನೆಂದಿದ್ದು ನಾನು ಕೇಳಿಲ್ಲ.”

“ಹಂಗಲ್ಲ ಸಾರ್, ವಾಸನೆ ತಕರಾರು ಈಗ...”

“ವಾಸನೆ ಹೋಗಿದ್ದು ಹೊಸ ಚೀಲದಿಂದ. ನೀನೇ ಬರೆದಿದ್ದೆ, ಹಳೇ ಚೀಲ ಕೆಟ್ಟಿತ್ತು ಅಂತ. ಕೂರಕ್ಕೆ ಬೆಂಚು ಕೊಟ್ಟೆ ನೀನು, ಇವರು ಕೂತವ್ರೆ. ಲಾಟು ನೆಂದೈತೆ. ಇಷ್ಟು ಗೊತ್ತಾಗಲ್ವಾ ನಿಂಗೆ?”

ಮ್ಯಾನೇಜರ್ ನನ್ನ ಕಡೆ ಒಂದು ಸಲ ನೋಡಿ ನೆಲ ನೋಡಿದರು.

ಆಗ ನನಗೆ ತಿಳಿಯಿತು. ಬೆರೆಸುತ್ತಿದ್ದ ವಿಷಯ ಅವರು ಯಜಮಾನರಿಗೆ ಹೇಳಿಯೇ ಇಲ್ಲ. ನನ್ನನ್ನು ಉಳಿಸಲಿಕ್ಕೋ, ತಿಂಗಳುಗಟ್ಟಲೆ ತಮಗೇ ಗೊತ್ತಾಗಲಿಲ್ಲ ಎನ್ನುವುದನ್ನು ಮುಚ್ಚಲಿಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು. ಗೊತ್ತಿದ್ದದ್ದು ಒಂದೇ: ಅವರು ಹೇಳಿದರೆ ನನ್ನ ಕಣ ಹೋಗುತ್ತದೆ, ಹೇಳದಿದ್ದರೆ ಅವರ ಕೆಲಸ ಹೋಗುತ್ತದೆ. ಅವರು ಹೇಳುತ್ತಿರಲಿಲ್ಲ.

ಇದನ್ನು ಧೈರ್ಯ ಅಂತ ಓದಬೇಡಿ. ನಾನು ಲೆಕ್ಕ ಹಾಕಿದೆ. ಇವರು ಹೋದರೆ ಬರುವವರು ಕಂಬಳಿಯವರಂಥವರೇ. ಆಗ ಮತ್ತೆ ಬುಟ್ಟಿ, ಮತ್ತೆ ಸೊನ್ನೆ. ಊಟದ ಬ್ಯಾಗಿನಿಂದ ನನ್ನ ಪುಸ್ತಕಗಳನ್ನು ತೆಗೆದೆ. ಎರಡು ಪುಸ್ತಕ, ದಾರ ಹಾಕಿ ಒಂದೇ ಮಾಡಿದ್ದು, ಹತ್ತೊಂಬತ್ತು ಸೀಸನ್. ದಿನಕ್ಕೆ ಎರಡು ಸಾಲು ಮೀರಿ ನಾನು ಬರೆಯುವುದಿಲ್ಲ.

“ಯಜಮಾನ್ರೆ, ಇದನ್ನ ಒಂದ್ಸಲ ನೋಡ್ಬುಡಿ.”

“ಏನಮ್ಮ ಇದು?”

“ಕಣದ ಪುಸ್ತಕ. ನಾನೇ ಬರೆದಿದ್ದು.”

ಅವರು ನಿಂತೇ ಪುಟ ತಿರುವಿದರು. ಕನ್ನಡಕ ಹಾಕಿಕೊಂಡರು. ಮತ್ತೆ ತಿರುವಿದರು.

“ಈ ಸೊನ್ನೆ ಏನು?”

“ನೆಂದಿದ್ದ ಲಾಟು. ಬೇರೆ ಲಾಟಿಗೆ ಬೆರೆಸಿದ್ದು. ಬೆರೆಸಿದ್ದು ನಾನೇ. ಹಿಂದಿನವರ ಕಾಲದಲ್ಲಿ ನೆಂದಿರಲಿಲ್ಲ ಅಂದ್ರಲ್ಲ. ನೆಂದಿತ್ತು. ಈ ಹಲಗೆ ಇರಲಿಲ್ಲ ಅಷ್ಟೆ.”

ಯಜಮಾನರು ಏನಾದರೂ ಅನ್ನುತ್ತಾರೆ ಅಂತ ಕಾದೆ. ಅವರು ಬೆಂಚಿನ ಮೇಲೆ ಕೂತರು. ಕೂತು ಬೆರಳಿಟ್ಟು ಸೊನ್ನೆ ಎಣಿಸತೊಡಗಿದರು, ಒಂದೊಂದು ವರ್ಷಕ್ಕೂ ಬೇರೆ ಬೇರೆ. ಬಿಸಿಲು ನೆತ್ತಿಗೆ ಬಂತು. ಮಗುಚುವ ಹೊತ್ತಾಗಿತ್ತು. ಏನು ಮಾಡುವುದೋ ತಿಳಿಯದೆ ನಾವಿಬ್ಬರೂ ಹೋಗಿ ಹಲಗೆ ಎಳೆದೆವು. ಹಿಂದಿರುಗಿದಾಗ ಅವರು ಎದ್ದಿದ್ದರು. ಪುಸ್ತಕ ಕಂಕುಳಲ್ಲಿತ್ತು.

“ಇದು ನನ್ನ ಹತ್ರ ಇರಲಿ,” ಅಂದರು. ಜೀಪು ಹತ್ತಿದರು. ಅಷ್ಟೆ.

ಜೀಪಿನ ಸದ್ದು ಗೇಟು ದಾಟಿದ ಮೇಲೆ ಮ್ಯಾನೇಜರ್ ಹತ್ತಿರ ಬಂದರು.

“ಯಾಕೆ ಕೊಟ್ರಿ ಅಕ್ಕ? ನಾನು ಹೇಳ್ತಾ ಇರಲಿಲ್ಲ.”

“ಗೊತ್ತಾಯ್ತು ಸಾರ್. ಅದಕ್ಕೇ ಕೊಟ್ಟೆ.”

ಅವರು ಅಂದರು: “ಈ ಸೀಸನ್ ನೋಡಿ ಆಮೇಲೆ ಇಟ್ಕೊಳೋದು ಅಂತ ಯಜಮಾನ್ರು ನಂಗೂ ಹೇಳವ್ರೆ. ನಾಳೆ ಮಸ್ಟರಲ್ಲಿ ನಿಮ್ಮ ಹೆಸರು ಬಿಟ್ರೂ ನನ್ನ ಹೆಸರು ಬಿಟ್ರೂ, ಇಬ್ರಿಗೂ ಒಟ್ಟಿಗೇ ಗೊತ್ತಾಗೋದು.”

ಮಾರನೆಯ ಬೆಳಿಗ್ಗೆ ಎಂಟಕ್ಕೆ ಮಸ್ಟರು. ನಮ್ಮಲ್ಲಿ ರೈಟರು, ಅಂದರೆ ಹಾಜರಿ ಲೆಕ್ಕದ ಗುಮಾಸ್ತರು, ಒಬ್ಬೊಬ್ಬರ ಹೆಸರು ಕೂಗಿ, ಅದರ ಹಿಂದೆಯೇ ಆ ದಿನದ ಜಾಗ ಕೂಗುತ್ತಾರೆ. ಯಾರನ್ನು ಎಲ್ಲಿಂದ ತೆಗೆದರು ಅಂತ ಗೊತ್ತಾಗುವುದು ಅಲ್ಲಿಯೇ, ಎಲ್ಲರೆದುರಿಗೆ, ಆ ಒಂದು ಪದದಲ್ಲಿ. ನಾನು ಬೂಟು ತೊಟ್ಟಿರಲಿಲ್ಲ. ವಾಪಸ್ಸು ಕೊಡಬೇಕಾದೀತು ಅಂತ ತೊಳೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಮ್ಯಾನೇಜರ್ ರೈಟರಿನ ಪಕ್ಕದಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಏನೂ ಇರಲಿಲ್ಲ.

ಹೆಸರು ಬಂದವು. ಕೊಯ್ಲು, ಕೊಯ್ಲು, ಹಳ್ಳದ ಬ್ಲಾಕು, ಹಳ್ಳದ ಬ್ಲಾಕು, ಪಲ್ಪರ್ ಮನೆ. ಆಮೇಲೆ ನನ್ನದು. ರೈಟರು ತಲೆ ಎತ್ತಿ ನೋಡಿದರು, ಮತ್ತೆ ಕಾಗದ ನೋಡಿದರು.

“ಕಣ.”

ಜೊತೆಗಾತಿಯ ಹೆಸರು. “ಕಣ.”

ಆಮೇಲೆ ಯಾವತ್ತೂ ಇಲ್ಲದ್ದು ಒಂದು ಬಂತು. ಹಳ್ಳದ ಬ್ಲಾಕಿಗೆ ಕೂಗಿದ್ದ ಇಬ್ಬರನ್ನು ಮತ್ತೆ ಕರೆದು, “ನೀವೂ ಕಣ” ಅಂದರು. ಕಣದಲ್ಲಿ ನಾಲ್ಕು ಜನ. ಕಂಬಳಿ ವರ್ಷದ ನಂತರ ನಾವು ನಾಲ್ಕು ಜನ ಆಗಿದ್ದೇ ಇಲ್ಲ.

“ಬೂಟು ಹಾಕ್ಕೊ ಅಕ್ಕ,” ಅಂದಳು ಜೊತೆಗಾತಿ. “ಅದನ್ನೇನು ಕೂಸಿನಂಗೆ ಹಿಡ್ಕೊಂಡಿದ್ದೀಯ?”

ನನ್ನ ಪುಸ್ತಕ ಹನ್ನೊಂದು ದಿನ ಬಿಟ್ಟು ವಾಪಸ್ಸು ಬಂತು. ರೈಟರ ಕೈಯಲ್ಲಿ, ಹಳೇ ಪೇಪರಿನಲ್ಲಿ ಸುತ್ತಿ. ಒಂದು ಸಾಲು ಬರೆದಿರಲಿಲ್ಲ, ಒಂದು ಗುರುತು ಹಾಕಿರಲಿಲ್ಲ. ನಾನು ಎಲ್ಲ ಪುಟ ಬೆಳಕಿಗೆ ಹಿಡಿದು ನೋಡಿದೆ, ಹಾಗೆ ನೋಡುವುದು ನನ್ನ ಸ್ವಭಾವ. ಒಂದೇ ಒಂದು ಪುಟದ ಮೂಲೆ ಮಡಚಿತ್ತು. ಕಂಬಳಿ ಕೊಟ್ಟ ವರ್ಷದ ಪುಟ. ನಾಲ್ಕು ಜನ ಹೋದ ಮೇಲೆ ಕಣದಲ್ಲಿ ನಾವಿಬ್ಬರೇ ಉಳಿದ ವರ್ಷ. ಮಿಕ್ಕ ಯಾವ ವರ್ಷದಲ್ಲೂ ಅಷ್ಟು ಸೊನ್ನೆ ಇಲ್ಲ. ನಾನೇ ಸುತ್ತಿದ ಸೊನ್ನೆಗಳು. ಆದರೆ ಹಾಗೆ ಒಟ್ಟಿಗೆ ಇಟ್ಟು ನಾನು ಯಾವತ್ತೂ ನೋಡಿರಲಿಲ್ಲ.

ಈ ಸೀಸನ್ನೂ ಕಣದಲ್ಲಿ ನಾಲ್ಕು ಜನ ಇದ್ದೇವೆ. ಮ್ಯಾನೇಜರ್ ಅವರೇ ಇದ್ದಾರೆ, ಅವರ ಕಪ್ಪು ಪುಸ್ತಕವೂ ಇದೆ. ನಾನು ಈಗ ಮಧ್ಯಾಹ್ನ ಬೆಂಚಿನ ಮೇಲೆ ಕೂರುತ್ತೇನೆ, ಮಂಡಿಗೆ ಅದು ಹಿತ. ಮಳೆಗೆ ಎರಡೂ ಕಡೆಯ ಆಕಾಶ ನೋಡುತ್ತೇನೆ. ಮೊನ್ನೆ ಟಾರ್ಪಾಲಿನ ಒಂದು ಅಂಚು ಮಡಚಿಕೊಂಡಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಬ್ಬನಿಗೆ ಮೂರನೇ ಲಾಟಿನ ಒಂದು ಪಕ್ಕ ನೆಂದಿತ್ತು. ಬೆಳಿಗ್ಗೆ ಮಂಜು ಹರಿಯುವ ಮುಂಚೆಯೇ ಹೋಗಿ ಕಪ್ಪು ಹಲಗೆಯ ಮೇಲೆ ನಂಬರು ಬರೆದೆ, ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದೆ.

ಬರೆಯುವಾಗ ಒಂದು ಸಲ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.